ಪತ್ರ ಕಳಿಸುವ ಮುನ್ನ ಒಮ್ಮೆ ತಿದ್ದೋಣ

ವಿಲೆಟನ್‌ನಲ್ಲಿ ನೆಲೆಸಿರುವ ನಾವು ಶಾಲೆಗೆ, ಡಾಕ್ಟರಿಗೆ, ಕ್ಯಾನಿಂಗ್ ಕೌನ್ಸಿಲ್‌ಗೆ ಆಗಾಗ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತೇವೆ. ಊರಿನಲ್ಲಿ ಸಲೀಸಾಗಿ ನಡೆಯುವ ಕೆಲವು ಇಂಗ್ಲಿಷ್ ಮಾತುಗಳು ಇಲ್ಲಿ ಬೇರೆ ಅರ್ಥ ಕೊಡುತ್ತವೆ. "ಪಾಸ್ಡ್ ಔಟ್ ಇನ್ 1998" ಎಂದರೆ ನಮಗೆ ಪದವಿ ಮುಗಿಸಿದ ವರ್ಷ. ಇಲ್ಲಿಯವರಿಗೆ ಮೂರ್ಛೆ ಹೋದ ವರ್ಷ! "ಗ್ರಾಜುಯೇಟೆಡ್" ಎಂದು ಬರೆಯೋಣ. "ಡು ದ ನೀಡ್‌ಫುಲ್" ಎನ್ನುವ ಬದಲು ಏನು ಮಾಡಬೇಕೆಂದು ಬಿಡಿಸಿ ಹೇಳೋಣ. ಅರ್ಜಿಯಲ್ಲಿ ಒಂದೂವರೆ ಲಕ್ಷವನ್ನು 1,50,000 ಎಂದಲ್ಲ, 150,000 ಎಂದು ಬರೆಯೋಣ.

ಕನ್ನಡದಲ್ಲಿ "ಸೋಮವಾರದಿಂದ ಜ್ವರ", "ಎರಡು ದಿನದಿಂದ ಜ್ವರ" ಎರಡಕ್ಕೂ "ಇಂದ" ಸಾಕು. ಇಂಗ್ಲಿಷಿನಲ್ಲಿ ಹಾಗಲ್ಲ: "ಸಿನ್ಸ್ ಮಂಡೇ", ಆದರೆ "ಫಾರ್ ಟೂ ಡೇಸ್".

ಎಲ್ಲಕ್ಕಿಂತ ಮುಖ್ಯವಾದದ್ದು ಕ್ರಮ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನಮ್ಮ ಪತ್ರಗಳಲ್ಲೂ ಕುಶಲ, ಪೀಠಿಕೆ, ಕಾರಣ ಎಲ್ಲ ಮುಗಿದ ಮೇಲೆ ಅಸಲು ವಿಷಯ ಬರುತ್ತದೆ. ಇಲ್ಲಿ ಓದುವವರು ಅದನ್ನು ಮೊದಲ ಸಾಲಿನಲ್ಲೇ ಹುಡುಕುತ್ತಾರೆ. ತಾಯಿಗೆ ಪೆನಿಸಿಲಿನ್ ಅಲರ್ಜಿ ಎಂಬ ಮಾತು ಪತ್ರದ ಕೊನೆಯಲ್ಲಿದ್ದರೆ ಡಾಕ್ಟರ ಕಣ್ಣಿಗೆ ಬೀಳದೆ ಹೋಗಬಹುದು. ಅದು ಪ್ರಾಣಕ್ಕೆ ಸಂಬಂಧಿಸಿದ ಮಾತು.

ಆದ್ದರಿಂದ ಬರೆದ ಕೂಡಲೇ ಕಳಿಸುವುದು ಬೇಡ. ಗಟ್ಟಿಯಾಗಿ ಒಮ್ಮೆ ಓದೋಣ. ಉಸಿರು ಕಟ್ಟಿದ ಕಡೆ ವಾಕ್ಯವನ್ನು ಎರಡು ಮಾಡೋಣ. ಎರಡು ಸಲ ಹೇಳಿದ್ದರೆ ಒಂದನ್ನು ಹೊಡೆದು ಹಾಕೋಣ. ಕೊನೆಗೆ ಇಲ್ಲೇ ಬೆಳೆದ ಮಕ್ಕಳ ಕೈಗೆ ಕೊಡೋಣ. ಅವರು ನಮ್ಮ ಇಂಗ್ಲಿಷ್ ತಿದ್ದಲಿ. ಅಜ್ಜಿಗೆ ಅವರು ಬರೆಯುವ ಕನ್ನಡ ಪತ್ರವನ್ನು ನಾವು ತಿದ್ದೋಣ.