ಮೊದಲು ಅದೇನು ಮಾಡುತ್ತಿತ್ತು?

ಜೀವಶಾಸ್ತ್ರ ಓದುವ ಮಕ್ಕಳೇ, ನಿಮ್ಮಲ್ಲಿ ಲೆಕ್ಕ ಬಲ್ಲವರು ಒಂದಲ್ಲ ಒಂದು ದಿನ ಹೀಗೆ ವಾದಿಸುತ್ತೀರಿ: ಹಿಮೋಗ್ಲೋಬಿನ್ನಿನ ಆಲ್ಫಾ ಸರಪಳಿಯಲ್ಲಿ 141 ಅಮೈನೋ ಆಮ್ಲಗಳಿವೆ, ಒಂದೊಂದು ಜಾಗಕ್ಕೂ 20 ಆಯ್ಕೆ, ಒಟ್ಟು ಸಾಧ್ಯತೆಗಳನ್ನು ಬರೆಯಲು 184 ಅಂಕಿ ಬೇಕು. ಇಂಥದ್ದು ತಾನಾಗಿ ಕೂಡಿಬರುವುದುಂಟೇ?

ಗುಣಾಕಾರ ಸರಿಯಾಗಿದೆ. ಆದರೆ ಪ್ರಕೃತಿ ಆ ಲಾಟರಿ ಆಡಲೇ ಇಲ್ಲ. ಆಗಲೇ ದುಡಿಯುತ್ತಿದ್ದ ಹಳೆಯ ಪ್ರೋಟೀನನ್ನೇ ಅದು ತಿದ್ದಿಕೊಂಡಿತು. ಆದ್ದರಿಂದ ಜಟಿಲವಾದ ಪ್ರೋಟೀನ್ ಎದುರಾದಾಗ, ಇಷ್ಟೆಲ್ಲ ಒಟ್ಟಿಗೆ ಹೇಗೆ ಬಂತು ಎಂದು ಬೆರಗಾಗಿ ನಿಂತುಬಿಡಬೇಡಿ. ಇದಕ್ಕೆ ಮೊದಲು ಏನಿತ್ತು, ಅದೇನು ಮಾಡುತ್ತಿತ್ತು ಎಂದು ಕೇಳಿ.

ಹಿಮೋಗ್ಲೋಬಿನ್ನನ್ನೇ ನೋಡಿ. ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳು ಕೂಡಿದ ಅಣು. ಒಂದು ಸರಪಳಿ ಆಮ್ಲಜನಕ ಹಿಡಿದರೆ ಉಳಿದವುಗಳ ಹಿಡಿತವೂ ಬಿಗಿಯುತ್ತದೆ. ಶ್ವಾಸಕೋಶದಲ್ಲಿ ತುಂಬಿಕೊಂಡು ಸ್ನಾಯುವಿನಲ್ಲಿ ಬಿಟ್ಟುಕೊಡುವ ಜಾಣ್ಮೆ ಇರುವುದು ಅಲ್ಲೇ. ಇದರ ಪೂರ್ವಜರನ್ನು ಶಿಕಾಗೊ ವಿಶ್ವವಿದ್ಯಾಲಯದ ಜೋಸೆಫ್ ಥಾರ್ನ್‌ಟನ್ ತಂಡ ಪ್ರಯೋಗಾಲಯದಲ್ಲಿ ಮತ್ತೆ ಕಟ್ಟಿತು. ಇಂದಿನ ಪ್ರಾಣಿಗಳ ಗ್ಲೋಬಿನ್‌ಗಳನ್ನು ಹೋಲಿಸಿ, 40 ಕೋಟಿ ವರ್ಷಕ್ಕೂ ಹಿಂದಿನ ಸರಪಳಿಗಳನ್ನು ಲೆಕ್ಕದಿಂದ ಊಹಿಸಿ, ಅವನ್ನು ನಿಜವಾಗಿಯೇ ತಯಾರಿಸಿ ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಆ ಕೆಲಸ ಹೇಳುವುದಿಷ್ಟು: ಮೊದಲಿದ್ದದ್ದು ಒಂಟಿ ಸರಪಳಿ, ಆಮೇಲೆ ಜೋಡಿ. ಜೀನ್ ಇಮ್ಮಡಿಯಾಗಿ ಆಲ್ಫಾ, ಬೀಟಾ ಬೇರೆಯಾದವು. ಬಳಿಕ ಮೇಲ್ಮೈಯ ಎರಡೇ ಅಮೈನೋ ಆಮ್ಲಗಳು ಬದಲಾದರೆ ಸಾಕಿತ್ತು, ಜೋಡಿಗಳೆರಡು ಅಂಟಿ ನಾಲ್ಕಾದವು. ಅದೇ ಎರಡು ಬದಲಾವಣೆಗೆ ಆಮ್ಲಜನಕದ ಮೇಲಿನ ಅತಿಬಿಗಿ ಹಿಡಿತವೂ ಸಡಿಲವಾಯಿತು. ಎರಡೇ! ಆ 184 ಅಂಕಿಯ ಪಕ್ಕದಲ್ಲಿ ಈ ಎರಡನ್ನು ಇಟ್ಟು ನೋಡಿ.

ಮೇಲ್ಮೈಯ ಅಂಟಿಗೆ ನೋವಿನ ಸಾಕ್ಷಿಯೂ ಇದೆ. ಬೀಟಾ ಸರಪಳಿಯ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದು ಕೂತರೆ ಹಿಮೋಗ್ಲೋಬಿನ್‌ಗಳು ಒಂದಕ್ಕೊಂದು ಅಂಟಿ ನಾರುಗಟ್ಟುತ್ತವೆ. ಅದೇ ಸಿಕಲ್ ಸೆಲ್ ಕಾಯಿಲೆ. ಅದಕ್ಕೆ ಕಾರಣವಾದ ಜೀನ್ ನಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿರುವುದು 1952ರಲ್ಲೇ ಗೊತ್ತಾಗಿತ್ತು. ಬದಲಾವಣೆಯೆಲ್ಲ ಏಳಿಗೆಗೇ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ.

ಹಳೆಯದಕ್ಕೆ ತೀರಾ ಬೇರೆ ಕೆಲಸ ಸಿಕ್ಕಿದ್ದೂ ಉಂಟು. ಅಂಟಾರ್ಕ್ಟಿಕ ಕಡಲಿನ ನೋಟೋಥೆನಾಯ್ಡ್ ಮೀನುಗಳ ರಕ್ತದಲ್ಲಿ ಮಂಜಿನ ಹರಳು ಬೆಳೆಯದಂತೆ ತಡೆಯುವ ಪ್ರೋಟೀನ್ ಹುಟ್ಟಿದ್ದು ಜೀರ್ಣಕ್ರಿಯೆಗೆ ಸೇರಿದ ಟ್ರಿಪ್ಸಿನೋಜೆನ್ ಜೀನಿನಿಂದ.

ನನ್ನ ಮಾತನ್ನೇ ನಂಬಿ ಕೂರಬೇಡಿ. ಮನುಷ್ಯನ ಆಲ್ಫಾ, ಬೀಟಾ, ಮತ್ತು ಸ್ನಾಯುವಿನಲ್ಲಿರುವ ಅವುಗಳ ನಂಟ ಮಯೋಗ್ಲೋಬಿನ್, ಈ ಮೂರರ ಸರಪಳಿಗಳೂ ಯೂನಿಪ್ರಾಟ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಒಂದರ ಕೆಳಗೊಂದು ಬರೆದು, ಅಲ್ಲಲ್ಲಿ ಖಾಲಿ ಜಾಗ ಬಿಟ್ಟು ಹೊಂದಿಸಿ, ಒಂದೇ ಆಗಿರುವ ಅಕ್ಷರಗಳಿಗೆ ಗುರುತು ಹಾಕಿ. ಆಮ್ಲಜನಕ ಕೂರುವ ಹೀಮ್ ಎಂಬ ಭಾಗವನ್ನು ಹಿಡಿದಿರುವ ಹಿಸ್ಟಿಡಿನ್ ಮೂರರಲ್ಲೂ ಸಿಗುತ್ತದೆ. ಪರೀಕ್ಷೆಯ ಓದಿಗೆ ಕೂರುವ ಮೊದಲು ಇದೊಂದನ್ನು ನಿಮ್ಮ ಕೈಯಾರೆ ಮಾಡಿ.