ಮುಂಗಡಕ್ಕೆ ಮುಂಚೆ ಒಂದು ಚೀಟಿ

2017ರ ಶ್ರಾವಣದಲ್ಲಿ ಬಳ್ಳಾರಿಯಲ್ಲಿ ನಾನೊಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಐದು ವರ್ಷ ಹಳೆಯ ಸಣ್ಣ ಕಾರು, ಬೆಲೆ 2,85,000 ರೂಪಾಯಿ. ಸಂಜೆ ಏಳರ ಹೊತ್ತಿಗೆ ಟ್ರಯಲ್ ನೋಡಲು ಕೂತೆ. ರಾಯಲ್ ಸರ್ಕಲ್ ದಾಟಿ ಮೋತಿ ಸರ್ಕಲ್ ಕಡೆ ಹೋಗಿ ತಿರುಗಿಸಿಕೊಂಡು ಬಂದೆ. ಆಟೊ, ಬೈಕು, ತಳ್ಳುಗಾಡಿಗಳ ನಡುವೆ ಎರಡನೇ ಗೇರು ದಾಟಲು ಆಗಲಿಲ್ಲ. ಪಕ್ಕದಲ್ಲಿ ಕೂತ ವ್ಯಾಪಾರಿ ಏಸಿ ಹಾಕಿ ತೋರಿಸಿದರು, ಹಾಡು ಹಾಕಿ ತೋರಿಸಿದರು, ಸೀಟ್ ಕವರು ಹೊಸದು ಅಂದರು. ಮುಂದಿನ ಎರಡು ಟೈರೂ ಹೊಸವು. ನನ್ನ ಮನಸ್ಸು ಒಪ್ಪಿದ್ದೇ ಆ ಟೈರು ನೋಡಿ. ಮರುದಿನ ದುಡ್ಡು ಕೊಟ್ಟು ಗಾಡಿ ತಂದೆ.

ಸಂಕ್ರಾಂತಿಯ ಹಿಂದಿನ ದಿನ ಮನೆ ಮುಂದೆ ಕಾರು ತೊಳೆಯುತ್ತಿದ್ದೆ. ಮುಂದಿನ ಚಕ್ರವನ್ನು ಪೂರ್ತಿ ತಿರುಗಿಸಿಟ್ಟು ಮಣ್ಣು ಉಜ್ಜುವಾಗ ಟೈರಿನ ಒಳಮಗ್ಗುಲಲ್ಲಿ ಬೆರಳಿಗೆ ಏನೋ ಚುಚ್ಚಿತು. ಬಗ್ಗಿ ನೋಡಿದರೆ ತಂತಿ. ಹೊರಗೆ ನಿಂತು ನೋಡುವವರಿಗೆ ಟೈರು ಇನ್ನೂ ಹೊಸದರಂತೆಯೇ ಇತ್ತು. ಒಳ ಅಂಚಿನ ಎರಡು ಬೆರಳಗಲ ಮಾತ್ರ ಸವೆದು ಬೋಳಾಗಿತ್ತು. ಅದರ ಹಿಂದಿನ ವಾರವಷ್ಟೇ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಅದೇ ಟೈರಿನ ಮೇಲೆ ಹಂಪಿಗೆ ಹೋಗಿಬಂದಿದ್ದೆ. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆಮೇಲಿನ ಖರ್ಚು ನನ್ನ ಡೈರಿಯಲ್ಲಿದೆ. ಎರಡು ಟೈರಿಗೆ 8,400. ಎರಡು ಲೋಯರ್ ಆರ್ಮ್‌ಗೆ 4,600. ಟೈ ರಾಡ್ ಎಂಡ್ ಜೋಡಿಗೆ 1,500. ಮುಂದಿನ ಶಾಕ್ ಅಬ್ಸಾರ್ಬರ್‌ಗಳಿಗೆ 5,800. ಕೂಲಿ 3,500. ಮೂರು ಸಲ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿದ್ದಕ್ಕೆ 2,100. ಒಟ್ಟು 25,900 ರೂಪಾಯಿ. ಕೊಂಡ ಬೆಲೆಯ ನೂರಕ್ಕೆ ಒಂಬತ್ತರಷ್ಟು. ಕಾರಿಗೆ ಕೊಟ್ಟ ದುಡ್ಡನ್ನು ಬ್ಯಾಂಕಿನಲ್ಲಿಟ್ಟಿದ್ದರೆ ವರ್ಷಕ್ಕೆ ಬರುತ್ತಿದ್ದ ಬಡ್ಡಿಗಿಂತ ಹೆಚ್ಚು. ಇಷ್ಟು ಸುರಿದರೂ ಓಡಿಸುವಾಗ ಗಾಡಿ ಬಲಕ್ಕೆ ಎಳೆಯುತ್ತಲೇ ಇತ್ತು. ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಬಾನೆಟ್ ಎತ್ತಿ, ಬಲಗಡೆ ಒಳತಗಡಿನ ಮೇಲೆ ಬೆರಳಾಡಿಸಿ, "ಇಲ್ಲಿ ನೋಡ್ರಿ ಸಾರ್, ಬಡಿದು ನೆಟ್ಟಗ ಮಾಡ್ಯಾರ" ಅಂದರು. ಕಾರ್ಖಾನೆಯ ಸಣ್ಣ ಚುಕ್ಕಿ ವೆಲ್ಡಿಂಗ್ ಇರಬೇಕಾದ ಜಾಗದಲ್ಲಿ ಕೈ ವೆಲ್ಡಿಂಗಿನ ಗಂಟುಗಳಿದ್ದವು. ಎಲ್ಲೋ ಗುದ್ದಿದ ಗಾಡಿ ಅದು. ಹೊಸ ಟೈರು ಹಾಕಿದ್ದು ನನ್ನ ಅನುಕೂಲಕ್ಕಲ್ಲ, ಹಳೆಯ ಟೈರಿನ ಸವೆತ ಯಾರ ಕಣ್ಣಿಗೂ ಬೀಳದಿರಲಿ ಎಂದು.

ಅಂದಿನಿಂದ ನಾನೂ ನನ್ನವರೂ ಕೊಳ್ಳುವ ಹಳೆಯ ಗಾಡಿಯಲ್ಲಿ ಮೊದಲು ಸ್ಟೇರಿಂಗ್ ನೋಡುತ್ತೇನೆ, ಆಮೇಲೆ ಎಂಜಿನ್. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಸ್ಟೇರಿಂಗ್ ಕೆಟ್ಟ ಗಾಡಿ ಓಡುತ್ತಲೇ ಇರುತ್ತದೆ, ಓಡುತ್ತಲೇ ನಮ್ಮ ದುಡ್ಡು ತಿನ್ನುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬೇರೆಯದೇ ತೂಕವಿದೆ. ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಹೆಚ್ಚಿನ ಭಾಗ ಎರೆಭೂಮಿ. ಮಳೆಗೆ ಎರೆಮಣ್ಣು ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ; ಮೇಲಿನ ಡಾಂಬರು ಅದರ ಜೊತೆಗೇ ಅಲೆಯಲೆಯಾಗಿ ಏಳುತ್ತದೆ, ಅಂಚು ಕುಸಿಯುತ್ತದೆ. ಗದ್ದೆ ಕೆಸರು ಮಾಡುವ ಕಾಲದಲ್ಲಿ ಕಬ್ಬಿಣದ ಕೇಜ್‌ವೀಲ್ ತೊಟ್ಟ ಟ್ರ್ಯಾಕ್ಟರುಗಳು ರಸ್ತೆಗಿಳಿದು ಡಾಂಬರನ್ನು ಕೊರೆದಿಡುತ್ತವೆ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಭತ್ತ ಒಣಹಾಕಿ ಅಂಚಿಗೆ ಕಲ್ಲಿಟ್ಟಿರುತ್ತಾರೆ. ಇತ್ತ ಕುಡತಿನಿ, ತೋರಣಗಲ್ಲು ಕಡೆಯ ಹೆದ್ದಾರಿಯಲ್ಲಿ ಅದಿರು ಲಾರಿಗಳ ಸಾಲು. ಇಂಥಲ್ಲಿ "ಬರೀ ನಲವತ್ತು ಸಾವಿರ ಓಡ್ಯಾದ" ಎಂಬ ಮಾತನ್ನು ನಂಬಿ ದರ ಕಟ್ಟಬಾರದು. ಎಷ್ಟು ಓಡಿದೆ ಎನ್ನುವಷ್ಟೇ ಎಲ್ಲಿ ಓಡಿದೆ ಎನ್ನುವುದೂ ಮುಖ್ಯ.

2023ರ ಜನವರಿಯಲ್ಲಿ ಸಿರುಗುಪ್ಪದಲ್ಲಿರುವ ಚಿಕ್ಕಪ್ಪನ ಮಗ ಫೋನ್ ಮಾಡಿದ. ಮೊದಲ ಬೆಳೆಯ ಸೋನಾ ಮಸೂರಿ ಮಾರಿ ದುಡ್ಡು ಕೈಗೆ ಬಂದಿತ್ತು. "ಅಣ್ಣಾ, ಗಾಡಿ ನೋಡೀನಿ. 4,60,000 ಹೇಳ್ಯಾರ. ಬಾಣ ಇದ್ದಂಗ ಹೋಗ್ತೈತಿ. ನಾಳೆ ಅಡ್ವಾನ್ಸ್ ಕೊಡಬೇಕು ಅಂತೀನಿ." ಒಂದು ದಿನ ತಡೆ ಎಂದು ಹೇಳಿ ಬೆಳಗಿನ ಮೊದಲ ಬಸ್ಸು ಹಿಡಿದೆ.

ಬೆಳಗ್ಗೆಯೇ ಹೋಗಲು ಕಾರಣವಿದೆ. ಟೈರಿನ ಗಾಳಿಯನ್ನು ಗಾಡಿ ತಣ್ಣಗಿರುವಾಗ ನೋಡಬೇಕು. ಬಳ್ಳಾರಿ ಬಿಸಿಲಿನಲ್ಲಿ ನಾಲ್ಕು ಮೈಲಿ ಓಡಿದ ಟೈರು ಹೆಚ್ಚು ತೋರಿಸುತ್ತದೆ. ಒಂದು ಬದಿಗೆ ಗಾಳಿ ಕಡಿಮೆಯಿದ್ದರೆ ಕಾರು ಆ ಬದಿಗೆ ಎಳೆಯುತ್ತದೆ, ಇಲ್ಲದ ದೋಷ ಕಾಣುತ್ತದೆ. ಮೊದಲು ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಹಿಡಿಸಿದೆವು. ಎಂಜಿನ್ ಚಾಲೂ ಇಟ್ಟು, ಚಕ್ರ ನೆಟ್ಟಗಿರಿಸಿ, ಸ್ಟೇರಿಂಗನ್ನು ಎರಡು ಬೆರಳಿನಿಂದ ಅತ್ತಿತ್ತ ಆಡಿಸಿದೆ. ಚಕ್ರ ಅಲುಗುವ ಮುಂಚೆ ಸ್ಟೇರಿಂಗಿನ ಅಂಚು ಸುಮಾರು ಒಂದಂಗುಲಕ್ಕಿಂತ ಹೆಚ್ಚು ಸುಮ್ಮನೆ ಆಡಿದರೆ ಟೈ ರಾಡ್ ಎಂಡೋ ಸ್ಟೇರಿಂಗ್ ರ‍್ಯಾಕೋ ಸವೆದಿದೆ ಎಂದು ಅನುಮಾನ ಪಡಬೇಕು. ಇದರಲ್ಲಿ ಅಂಥದ್ದೇನೂ ಇರಲಿಲ್ಲ.

ತೆಕ್ಕಲಕೋಟೆ ಕಡೆಗೆ ಹೊರಟೆವು. ಖಾಲಿ ರಸ್ತೆಯಲ್ಲಿ ಐವತ್ತರ ವೇಗಕ್ಕೆ ಬಂದು ಹಿಡಿತ ಸಡಿಲಿಸಿದೆ. ಸ್ಟೇರಿಂಗ್ ಬಿಡಬಾರದು, ಅಂಗೈ ಅದರ ಸುತ್ತಲೇ ಇರಬೇಕು, ಒತ್ತಡ ಮಾತ್ರ ತೆಗೆಯಬೇಕು. ನಮ್ಮ ರಸ್ತೆಗಳು ನಡುವೆ ಎತ್ತರ, ಮಳೆನೀರು ಹರಿಯಲೆಂದು ಅಂಚಿಗೆ ಇಳಿಜಾರು. ನಾವು ಎಡಕ್ಕೆ ಓಡಿಸುವುದರಿಂದ ಒಳ್ಳೆಯ ಕಾರು ಕೂಡ ನಿಧಾನವಾಗಿ ಎಡಕ್ಕೆ ಸರಿಯುತ್ತದೆ. ಅದು ದೋಷವಲ್ಲ. ಇಳಿಜಾರಿಗೆ ವಿರುದ್ಧವಾಗಿ ಬಲಕ್ಕೆ ಹೋದರೆ, ಅಥವಾ ಸಮತಟ್ಟಾದ ಕಡೆಯೂ ಬೇಗನೆ ಒಂದೇ ಬದಿಗೆ ಎಳೆದರೆ ನಿಲ್ಲಿಸಿ ಯೋಚಿಸಬೇಕು. ಬ್ರೇಕ್ ಹಾಕಿದಾಗ ಮಾತ್ರ ಎಳೆದರೆ ಸಾಮಾನ್ಯವಾಗಿ ದೋಷ ಬ್ರೇಕಿನದು. ಎಂಬತ್ತು ದಾಟಿದ ಮೇಲೆ ಸ್ಟೇರಿಂಗ್ ನಡುಗಿದರೆ ಬಹುಪಾಲು ಬ್ಯಾಲೆನ್ಸಿಂಗ್, ಅಗ್ಗದ ಕೆಲಸ. ಪೂರ್ತಿ ತಿರುಗಿಸಿ ನಿಧಾನ ಓಡಿಸುವಾಗ ಟಕಟಕ ಸದ್ದು ಬಂದರೆ ಆಕ್ಸಲ್ ಜಾಯಿಂಟ್, ಅದು ಅಗ್ಗವಲ್ಲ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನಡುವಿಗೆ ಮರಳಬೇಕು. ಅಲ್ಲೇ ತಡೆದು ನಿಂತರೆ ಒಳಗೆ ಏನೋ ಬಿಗಿದಿದೆ ಅಥವಾ ಬಾಗಿದೆ.

ತಮ್ಮ ಹೇಳಿದ್ದು ನಿಜವಾಗಿತ್ತು. ಕಾರು ಬಾಣದ ಹಾಗೇ ಹೋಯಿತು. ಸ್ಟೇರಿಂಗ್ ನೆಟ್ಟಗೆ, ಸದ್ದಿಲ್ಲ, ನಡುಕವಿಲ್ಲ. ಅವನ ಮುಖದಲ್ಲಿ ನಗು.

ವಾಪಸ್ ಬರುವಾಗ ಒಂದು ಕಡೆ ಎರಡನೇ ಬೆಳೆಯ ಗದ್ದೆಗೆ ಬಿಟ್ಟ ಕಾಲುವೆ ನೀರು ಬದು ಒಡೆದು ರಸ್ತೆ ಮೇಲೆ ತೆಳುವಾಗಿ ಹರಿದಿತ್ತು. ಅದನ್ನು ದಾಟಿ, ನೆಟ್ಟಗೆ ಇಪ್ಪತ್ತು ಮಾರು ಮುಂದೆ ಹೋಗಿ ನಿಲ್ಲಿಸಿ ಇಳಿದೆ. ಒಣ ಡಾಂಬರಿನ ಮೇಲೆ ಒದ್ದೆ ಟೈರಿನ ಗುರುತು ಬಿದ್ದಿತ್ತು. ನೆಟ್ಟಗೆ ಓಡುವ ಕಾರಿನ ಹಿಂದಿನ ಚಕ್ರ ಮುಂದಿನ ಚಕ್ರದ ಗುರುತಿನ ಮೇಲೇ ಹಾಯಬೇಕು. ಹೆಚ್ಚುಕಮ್ಮಿಯಿದ್ದರೆ ಎರಡೂ ಬದಿಗೆ ಸಮನಾಗಿರಬೇಕು. ಇಲ್ಲಿ ಬಲಗಡೆ ಹಿಂದಿನ ಗುರುತು ಎರಡು ಬೆರಳಿನಷ್ಟು ಹೊರಗೆ, ಎಡಗಡೆ ಅಷ್ಟೇ ಒಳಗೆ. ತಮ್ಮನ ಮಗ ಬೈಕಿನಲ್ಲಿ ಹಿಂದೆಯೇ ಬರುತ್ತಿದ್ದ. ಅವನನ್ನು ಕೇಳಿದೆ. "ಹೌದು ದೊಡ್ಡಪ್ಪ, ಗಾಡಿ ಸ್ವಲ್ಪ ಅಡ್ಡಡ್ಡ ಹೋದಂಗ ಕಾಣ್ತಿತ್ತು" ಅಂದ.

ಅಲೈನ್‌ಮೆಂಟ್ ಅಂಗಡಿಗೆ ಒಯ್ದೆವು. ನಾಲ್ಕೂ ಚಕ್ರಕ್ಕೆ ಯಂತ್ರ ಕಚ್ಚಿಸಿ, ಏನನ್ನೂ ತಿರುಗಿಸದೆ, ಈಗಿರುವ ಸ್ಥಿತಿಯ ಚೀಟಿ ಮಾತ್ರ ಕೊಡಿ ಎಂದೆ. ಈ ಮಾತು ಮುಖ್ಯ. ಸರಿಪಡಿಸಿದ ಮೇಲಿನ ಚೀಟಿಯಲ್ಲಿ ಗಾಡಿಯ ಹಳೆಯ ಕತೆ ಅಳಿಸಿಹೋಗಿರುತ್ತದೆ. ಮುಂದಿನ ಚಕ್ರಗಳ ಅಂಕಿ ಎಲ್ಲ ಹಸಿರು, ಅಂದರೆ ಮಿತಿಯೊಳಗೆ. ಮಾರುವ ಮುಂಚೆ ಯಾರೋ ಚೆನ್ನಾಗಿ ಕೂರಿಸಿದ್ದರು. ಹಿಂದಿನ ಎರಡೂ ಚಕ್ರ ಕೆಂಪು: ಒಂದು ಒಳಕ್ಕೆ ತಿರುಗಿತ್ತು, ಇನ್ನೊಂದು ಹೊರಕ್ಕೆ.

ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಪಾನಾ ಹಿಡಿದು ತಿರುಗಿಸಿ ಸರಿಮಾಡಲು ಬರುವುದು ಒಂದೇ ಒಂದು: ಮುಂದಿನ ಚಕ್ರಗಳ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಮುಖವೋ ಹೊರಮುಖವೋ ಎಂಬ ಕೋನ. ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ ಕ್ಯಾಂಬರ್. ಸ್ಟೇರಿಂಗ್ ನಡುವಿಗೆ ಮರಳುವಂತೆ ಮಾಡುವ ಕೋನ ಕ್ಯಾಸ್ಟರ್. ಇವೆರಡನ್ನೂ ಹಿಂದಿನ ಚಕ್ರದ ಕೋನಗಳನ್ನೂ ಇಂಥ ಕಾರುಗಳಲ್ಲಿ ಕಾರ್ಖಾನೆಯೇ ಕೂರಿಸಿ ಕಳಿಸಿರುತ್ತದೆ. ಆದ್ದರಿಂದ ಮುಂದಿನ ಟೋ ಕೆಂಪಾಗಿದ್ದರೆ ನೂರಾರು ರೂಪಾಯಿಯ ಮಾತು. ಉಳಿದದ್ದು ಕೆಂಪಾಗಿದ್ದರೆ ಏನೋ ಸವೆದಿದೆ ಇಲ್ಲವೇ ಬಾಗಿದೆ, ಸಾವಿರಾರು ರೂಪಾಯಿಯ ಮಾತು. ಈ ಒಂದು ಭೇದ ತಿಳಿದವರಿಗೆ ಆ ಚೀಟಿ ಕಾರಿನ ಜಾತಕದ ಹಾಗೆ.

"ಹಿಂದಿನ ಬೀಮ್ ಬೆಂಡ್ ಆಗೈತ್ರಿ" ಅಂದ ಅಂಗಡಿಯ ಹುಡುಗ. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಅಡ್ಡತೊಲೆ ಅದು. ವಿಮೆ ಪಾಲಿಸಿ ತೆಗೆಸಿ ನೋಡಿದೆ. ಐದನೇ ವರ್ಷದ ಗಾಡಿ. ಕ್ಲೇಮ್ ಮಾಡದ ಮಾಲೀಕರಿಗೆ ಆ ಹೊತ್ತಿಗೆ ನೋ ಕ್ಲೇಮ್ ಬೋನಸ್ ನೂರಕ್ಕೆ 45 ಆಗಿರಬೇಕು, ಇದರಲ್ಲಿ ಸೊನ್ನೆ. ಮಾರುವವರು 60,000 ಕಡಿಮೆ ಮಾಡುತ್ತೇವೆ ಎಂದರು. ತಮ್ಮನಿಗೆ ಆಸೆ ಹುಟ್ಟಿತು. ಬೀಮ್ ಬದಲಾಯಿಸಲು ಅಷ್ಟು ಬೇಕಾಗುವುದಿಲ್ಲ ಎಂದು ಅವನ ವಾದ. ಬೀಮ್ ಬಾಗುವಷ್ಟು ಪೆಟ್ಟು ಬಿದ್ದಾಗ ಅದನ್ನು ಹಿಡಿದಿರುವ ಬಾಡಿಗೆ ಏನಾಗಿದೆ ಎಂದು ಯಾರಿಗೆ ಗೊತ್ತು? ಬೆಲೆ ಗೊತ್ತಿಲ್ಲದ ದೋಷಕ್ಕೆ ಎಷ್ಟು ರಿಯಾಯಿತಿ ಸಾಕು ಎಂದು ಲೆಕ್ಕ ಹಾಕಲು ಬರುವುದಿಲ್ಲ. ಬೇಡ ಎಂದೆ. ಎರಡು ವಾರ ಅವನು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಯುಗಾದಿಗೆ ಬೇರೆ ಗಾಡಿ ಕೊಂಡ, ಚೀಟಿ ತೆಗೆಸಿಯೇ ಕೊಂಡ.

ಕುರುಗೋಡಿನಲ್ಲಿ ನೋಡಿದ ಕಾರಿನ ಕತೆ ಇದಕ್ಕೆ ತದ್ವಿರುದ್ಧ. ತಂಗಿಯ ಮಗಳು ಬಳ್ಳಾರಿಯಿಂದ ದಿನವೂ ಕುರುಗೋಡಿಗೆ ಕೆಲಸಕ್ಕೆ ಹೋಗುತ್ತಾಳೆ. ಸ್ಕೂಟರಿನಲ್ಲಿ ಹೋಗಿಬಂದು ಬೆನ್ನುನೋವು ಶುರುವಾದ ಮೇಲೆ, 2025ರ ಅಕ್ಟೋಬರಿನಲ್ಲಿ ಒಂದು ಹಳೆಯ ಕಾರು ನೋಡಲು ನನ್ನನ್ನು ಕರೆದಳು. ದೊಡ್ಡಬಸವೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ ನಿವೃತ್ತ ಮೇಷ್ಟ್ರ ಮನೆ. 2018ರ ಗಾಡಿ, 41,000 ಕಿಲೋಮೀಟರು, 3,60,000 ಹೇಳಿದರು. ಊರು ದಾಟಿ ಎರಡು ಕಿಲೋಮೀಟರು ಹೋಗುವುದರೊಳಗೆ ಕಾರು ಎಡಕ್ಕೆ ಎಳೆಯಿತು. ನೆಟ್ಟಗೆ ಹೋಗಬೇಕಾದರೆ ಸ್ಟೇರಿಂಗನ್ನು ಬಲಕ್ಕೆ ವಾಲಿಸಿ ಹಿಡಿಯಬೇಕಿತ್ತು. "ಮಾವಾ, ಬ್ಯಾಡ ಬಿಡ್ರಿ, ಇದೂ ಎಳೀತೈತಿ" ಎಂದು ಅವಳು ನಿರಾಸೆಯಿಂದ ಕಿಟಕಿಯಾಚೆ ನೋಡಿದಳು.

ಮೇಷ್ಟ್ರು ಏನನ್ನೂ ಮುಚ್ಚಿಡಲಿಲ್ಲ. ಹೋದ ಸುಗ್ಗಿಯಲ್ಲಿ ಭತ್ತ ಒಣಹಾಕಿದ್ದರ ಅಂಚಿನ ಕಲ್ಲಿಗೆ ಎಡಗಾಲಿ ಹತ್ತಿಸಿದ್ದೆ, ಆಮೇಲೆ ಗಾಡಿ ಹೊರಗೆ ತೆಗೆದದ್ದೇ ಕಡಿಮೆ ಎಂದರು. ಗಾಳಿ ನೋಡಿದರೆ ಬಲಕ್ಕೆ 32, ಎಡಕ್ಕೆ 24. ತುಂಬಿಸಿದ ಮೇಲೆ ಎಳೆತ ಅರ್ಧಕ್ಕಿಳಿಯಿತು. ಬಳ್ಳಾರಿಗೆ ತಂದು ಚೀಟಿ ತೆಗೆಸಿದೆವು. ಮುಂದಿನ ಟೋ ಕೆಂಪು. ಕ್ಯಾಂಬರ್, ಕ್ಯಾಸ್ಟರ್, ಹಿಂದಿನ ಚಕ್ರ ಎಲ್ಲ ಹಸಿರು. ಅಲ್ಲೇ ಸರಿಮಾಡಿಸಿದೆವು, ಬ್ಯಾಲೆನ್ಸಿಂಗ್ ಸೇರಿ 850 ರೂಪಾಯಿ. ವಾಪಸ್ ಹೋಗುವಾಗ ಸ್ಟೇರಿಂಗ್ ನೆಟ್ಟಗಿತ್ತು. ತಂಗಿಯ ಮಗಳೇ ಓಡಿಸಿದಳು.

ಬೆಲೆಯ ಮಾತಿನಲ್ಲಿ ಈ ಎಳೆತವನ್ನು ನಾವು ಎತ್ತಲಿಲ್ಲ. 850 ರೂಪಾಯಿಯ ದೋಷ ತೋರಿಸಿ ಮೂವತ್ತು ಸಾವಿರ ಇಳಿಸುವುದು ನನಗೆ ನ್ಯಾಯವೆನಿಸುವುದಿಲ್ಲ. ಎತ್ತಿದ್ದು ಬೇರೆ ಎರಡು ವಿಷಯ. ಟೈರಿನ ಮಗ್ಗುಲಲ್ಲಿ ಅಚ್ಚೊತ್ತಿದ ನಾಲ್ಕಂಕಿ ನೋಡಿದರೆ 1418 ಇತ್ತು. 2018ರ 14ನೇ ವಾರದಲ್ಲಿ ತಯಾರಾದ, ಗಾಡಿಯ ಜೊತೆಗೇ ಬಂದ ಟೈರು. ಹಲ್ಲು ಚೆನ್ನಾಗಿದ್ದರೂ ಏಳು ವರ್ಷದ ಬಿಸಿಲಿಗೆ ರಬ್ಬರು ಗಟ್ಟಿಯಾಗಿ ಸಣ್ಣ ಬಿರುಕು ಬಿಟ್ಟಿತ್ತು. ನಾಲ್ಕೂ ಬದಲಿಸಲು 17,600 ಎಂದು ಅಂಗಡಿಯವರು ಬರೆದುಕೊಟ್ಟರು. ಎರಡನೆಯದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದು ಹೊಸ ಗಾಡಿಗಳೇ ಅಗ್ಗವಾಗಿದ್ದವು. ಹೊಸದರ ಬೆಲೆ ಇಳಿದಾಗ ಹಳೆಯದೂ ಇಳಿಯಲೇಬೇಕು, ಆದರೆ ಮಾರುವವರ ಮನಸ್ಸಿನಲ್ಲಿ ಹಳೆಯ ಬೆಲೆಯೇ ಕೂತಿರುತ್ತದೆ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಮೇಷ್ಟ್ರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, 3,25,000ಕ್ಕೆ ಒಪ್ಪಿದರು. 850 ರೂಪಾಯಿಯನ್ನು ತಾವೇ ಕೊಡುವುದಾಗಿ ಹೇಳಿ ಜೇಬಿಗೆ ಕೈ ಹಾಕಿದರು. ನಾವು ತೆಗೆದುಕೊಳ್ಳಲಿಲ್ಲ.

ಗಾಡಿ ಅವಳ ಹೆಸರಿಗೆ ವರ್ಗವಾಯಿತು. ಹಳೆಯ ಚೀಟಿ, ಹೊಸ ಚೀಟಿ ಎರಡೂ ಆರ್‌ಸಿ ಜೊತೆ ಮಡಚಿ ಇಟ್ಟುಕೊಂಡಿದ್ದಾಳೆ. ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಗಾಳಿ ನೋಡಿಸುತ್ತಾಳೆ. ಮೊನ್ನೆ ಮನೆಗೆ ಬಂದಿದ್ದಾಗ ಚಕ್ರ ಪೂರ್ತಿ ತಿರುಗಿಸಿ ನಿಲ್ಲಿಸು ಎಂದು ಹೇಳಿ, ಬಗ್ಗಿ, ಟೈರಿನ ಒಳ ಅಂಚಿನಿಂದ ಹೊರ ಅಂಚಿನವರೆಗೆ ಅಂಗೈ ಆಡಿಸಿದೆ. ಎಲ್ಲೂ ಏರಿಲ್ಲ, ಇಳಿವಿಲ್ಲ, ಎರಡೂ ಕಡೆ ಒಂದೇ ಸಮ ಇತ್ತು.