ಹೊಗೆಕೊಳವೆಯ ಬೆಂಕಿ: ಸೌದೆ ಒಲೆ ಇರುವ ಮನೆಗೆ ಒಂದು ಪಾಠ



ಬಣವೆಗೆ ಬೆಂಕಿ ಬಿದ್ದರೆ ಊರೇ ಓಡಿಬರುವುದು. ಆದರೆ ಒಲೆಯ ಹೊಗೆಕೊಳವೆಯೊಳಗೂ ಬೆಂಕಿ ಹತ್ತುವುದುಂಟು ಎಂಬುದು ಬಹಳ ಮಂದಿಗೆ ತಿಳಿಯದು. ಕಳೆದ ಮಾಗಿಯಲ್ಲಿ ಭತ್ತದ ಬೀಜದ ವಿಷಯ ಮಾತನಾಡಲು ಒಂದು ಮನೆಗೆ ಹೋಗಿದ್ದೆ. ಬಚ್ಚಲಿನ ಹಂಡೆ ಒಲೆಯಲ್ಲಿ ದೊಡ್ಡ ಉರಿ ಹಾಕಿದ್ದರು. ಇದ್ದಕ್ಕಿದ್ದಂತೆ ಕೊಳವೆಯಿಂದ ಬಿರುಗಾಳಿಯಂತೆ ಭೋರೆಂಬ ಸದ್ದು ಬಂತು. ಹೆಂಚಿನ ಮೇಲೆ ಕಿಡಿಗಳು ಹಾರಿದವು. ಮೊಮ್ಮಗ ಕೊಡ ಹಿಡಿದು ಮಾಡು ಹತ್ತಲು ಹೊರಟ. ಅಜ್ಜಿ ಅವನನ್ನು ತಡೆದು, “ನೀರು ಹೊಯ್ಯಬೇಡ ಕಣೋ, ಒಲೆಬಾಯಿ ಮುಚ್ಚು” ಎಂದರು. ಒಲೆಗೆ ಮರಳು ಸುರಿದು ಬಾಯಿಗೆ ತಗಡು ಒತ್ತಿ ಇಟ್ಟೆವು. ಸದ್ದು ಅಡಗಿತು. ಆಮೇಲೆ ನೋಡಿದರೆ ಕೊಳವೆ ಸೀಳಿತ್ತು, ಪಕ್ಕದ ಪಕಾಸಿ ಕರಿಹಿಡಿದಿತ್ತು. ಅಟ್ಟದ ಮೇಲೆ ಆ ಮನೆಯ ವರ್ಷದ ಭತ್ತವಿತ್ತು.

ಈ ಬೆಂಕಿ ಹೇಗೆ ಹುಟ್ಟುತ್ತದೆ?

ಹೊಗೆಯೆಂದರೆ ಪೂರ್ತಿ ಉರಿಯದ ಸೌದೆ. ಹಸಿ ಸೌದೆಯಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ಅದನ್ನು ಒಲೆಗೆ ಹಾಕಿದರೆ ಶಾಖವೆಲ್ಲ ನೀರನ್ನು ಆರಿಸಲು ವ್ಯರ್ಥವಾಗಿ ಉರಿ ಮಂದವಾಗುವುದು, ಹೊಗೆ ಹೆಚ್ಚುವುದು. ಆ ಹೊಗೆ ತಣ್ಣನೆಯ ಕೊಳವೆಯಲ್ಲಿ ಏರುವಾಗ ಅದರ ಆವಿಯೂ ಎಣ್ಣೆಯೂ ಒಳಗೋಡೆಗೆ ಅಂಟಿ, ಮಸಿಯೊಡನೆ ಸೇರಿ ಟಾರಿನಂತೆ ಗಟ್ಟಿಯಾಗುವುದು. ಇದು ಉತ್ತಮ ಸೌದೆಯಂತೆಯೇ ಉರಿಯುವ ವಸ್ತು. ಒಂದು ದಿನ ತೆಂಗಿನ ಗರಿಯನ್ನೋ ಒಣ ಸೋಗೆಯನ್ನೋ ಹಾಕಿ ಜೋರಾಗಿ ಉರಿಸಿದಾಗ ಜ್ವಾಲೆ ಕೊಳವೆಗೇರಿ ಅದಕ್ಕೆ ಹತ್ತಿಕೊಳ್ಳುವುದು. ಅಲ್ಲಿನ ಶಾಖ 1,000 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ರೂಪುಗೊಂಡ ಅಸ್ತ್ರ ಒಲೆ 1980ರ ದಶಕದಲ್ಲಿ ನಮ್ಮ ನಾಡಿನ ಹಳ್ಳಿಗಳಿಗೆ ಬಂತು. ಅದರಿಂದ ಸೌದೆ ಉಳಿಯಿತು, ತಾಯಂದಿರ ಕಣ್ಣಿಗೆ ಹೊಗೆ ತಪ್ಪಿತು. ಈಗ ಅನೇಕ ಮನೆಗಳಲ್ಲಿ ಅಡಿಗೆಗೆ ಗ್ಯಾಸ್ ಬಂದಿದ್ದರೂ ಸ್ನಾನದ ನೀರಿಗೆ ಸೌದೆ ಒಲೆಯೇ ಇದೆ. ಕೊಳವೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಕೊಳವೆ ಇದ್ದಮೇಲೆ ಅದನ್ನು ಶುಚಿಯಾಗಿಡಬೇಕು, ಅಷ್ಟೆ.

ಬೆಂಕಿ ಬಾರದಂತೆ ಏನು ಮಾಡಬೇಕು?

1. ಸೌದೆಯನ್ನು ಸೀಳಿ, ನೆಲದಿಂದ ಮೇಲೆತ್ತಿ, ಗಾಳಿಯಾಡುವಂತೆ ಒಟ್ಟಿ, ಮೇಲೆ ಮಾತ್ರ ಮುಚ್ಚಿರಿ. ಆರು ತಿಂಗಳಾದರೂ ಒಣಗಲಿ. ತುದಿಯಲ್ಲಿ ಬಿರುಕು ಬಿಟ್ಟು, ಒಂದಕ್ಕೊಂದು ಬಡಿದರೆ ಟಣ್ ಎಂದರೆ ಒಣಗಿದೆ ಎಂದು ತಿಳಿಯಿರಿ. ಬೇಸಿಗೆಯಲ್ಲಿ ಸಿದ್ಧವಾದ ಸೌದೆಯೇ ಮಳೆಗಾಲದ ಸೌದೆ.

2. ತಿಂಗಳಿಗೊಮ್ಮೆ ಕೊಳವೆಯ ಒಳಗನ್ನು ನೋಡಿರಿ. ಮಸಿ 3 ಮಿಲಿಮೀಟರ್, ಅಂದರೆ ಸುಮಾರು ಎರಡು ರೂಪಾಯಿ ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು ದಪ್ಪವಾದರೆ ತೆಗೆಯಲೇಬೇಕು. ಒಲೆ ಪೂರ್ತಿ ತಣ್ಣಗಾದ ಮೇಲೆ ಒಲೆಬಾಯಿಗೆ ಒದ್ದೆ ಗೋಣಿ ಮುಚ್ಚಿ, ಹಗ್ಗಕ್ಕೆ ಕಲ್ಲನ್ನೂ ತೆಂಗಿನ ನಾರಿನ ಕಟ್ಟನ್ನೂ ಬಿಗಿದು ಮೇಲಿನಿಂದ ಇಳಿಬಿಟ್ಟು ಎಳೆದಾಡಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಏಣಿಯನ್ನು ಒಬ್ಬರು ಹಿಡಿದಿರಲಿ.

3. ಕಲ್ನಾರಿನ ಕೊಳವೆಯಾದರೆ ಒಣಗಿದ್ದಾಗ ಉಜ್ಜಬೇಡಿ, ಕೊರೆಯಬೇಡಿ, ಒಡೆಯಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಕೇಡು, ಕ್ಯಾನ್ಸರ್ ತರುವಂಥದು. ಬೆಂಕಿಯ ಶಾಖಕ್ಕೆ ಅದು ಸಿಡಿಯಲೂಬಹುದು. ಬದಲಾಯಿಸುವಾಗ ಒದ್ದೆಮಾಡಿ ಇಡಿಯಾಗಿ ಇಳಿಸಿರಿ.

4. ತಗಡಿನ ಕೊಳವೆಗೂ ಮರದ ಪಕಾಸಿ, ರೀಪು, ಅಟ್ಟಕ್ಕೂ ಒಂದು ಮೊಳ ಅಂತರವಿರಲಿ. ತುದಿ ಹೆಂಚಿನ ಮಾಡಿಗಿಂತ ಮೂರು ಅಡಿ ಮೇಲಿರಲಿ. ಹುಲ್ಲಿನ ಮಾಡಾದರೆ ಆರು ಅಡಿ ಕ್ಷೇಮ. ಸೌದೆ, ಅಡಿಕೆ ಹಾಳೆ, ಗೋಣಿಚೀಲಗಳನ್ನು ಕೊಳವೆಗೆ ಒರಗಿಸಿ ಒಣಗಿಸಬಾರದು.

5. ಬೂದಿಯೊಳಗಿನ ಕೆಂಡ ಒಂದೆರಡು ದಿನ ಬದುಕಿರಬಲ್ಲದು. ಬಿಸಿಬೂದಿಯನ್ನು ತಿಪ್ಪೆಗಾಗಲಿ ಬಣವೆಯ ಬಳಿಗಾಗಲಿ ಎಸೆಯದೆ ಕಬ್ಬಿಣದ ಬಾಣಲೆಯಲ್ಲಿ ಆರಿಸಿರಿ. ಆರಿದ ಬೂದಿ ಪೊಟ್ಯಾಷ್ ಇರುವ ಒಳ್ಳೆಯ ಗೊಬ್ಬರ. ಆದರೆ ಯೂರಿಯಾದೊಡನೆ ಬೆರೆಸಬೇಡಿ; ಸಾರಜನಕ ಹಾರಿಹೋಗುವುದು.

ಬೆಂಕಿ ಹತ್ತಿದರೆ?

ಮೊದಲು ಮಕ್ಕಳನ್ನೂ ವೃದ್ಧರನ್ನೂ ಹೊರಗೆ ಕಳುಹಿಸಿ, ಕೊಟ್ಟಿಗೆಯ ದನಗಳ ಕಣ್ಣಿ ಬಿಚ್ಚಿರಿ. 112ಕ್ಕೆ ಅಥವಾ ಅಗ್ನಿಶಾಮಕ ದಳದ 101ಕ್ಕೆ ಫೋನ್ ಮಾಡಿರಿ. ಗ್ಯಾಸ್ ಸಿಲಿಂಡರ್ ಹತ್ತಿರವಿದ್ದರೆ ಮುಚ್ಚಿ ಹೊರಗೆ ಸಾಗಿಸಿರಿ. ಒಲೆಯೊಳಕ್ಕೆ ಮರಳು ಇಲ್ಲವೆ ಒಣಮಣ್ಣು ಹಾಕಿ ಬಾಯಿಯನ್ನು ತಗಡಿನಿಂದ ಮುಚ್ಚಿರಿ. ಪಾತ್ರೆಗಳನ್ನು ಇಳಿಸಬೇಡಿ, ಏಕೆಂದರೆ ಆ ಕುಳಿಗಳಿಂದಲೂ ಗಾಳಿ ಒಳಗೆ ಹೋಗುವುದು. ಕೊಳವೆಯೊಳಕ್ಕೆ ನೀರು ಹೊಯ್ಯಲೇಬಾರದು. ನೀರು ಕ್ಷಣದಲ್ಲಿ ಆವಿಯಾಗಿ ಮುಖಕ್ಕೆ ರಾಚುವುದು, ಕಾದ ಕೊಳವೆ ಒಡೆದು ಬೆಂಕಿ ಮಾಡಿಗೆ ದಾಟುವುದು. ಬೇಕಾದರೆ ದೂರದಿಂದ ಸುತ್ತಲಿನ ಮಾಡನ್ನು ನೆನೆಸಿರಿ. ಸದ್ದು ನಿಂತ ಮೇಲೂ ಕೆಲವು ಗಂಟೆ ಅಟ್ಟವನ್ನು ಕಾಯಿರಿ. ಕೊಳವೆಯ ಬಿರುಕು ನೋಡಿ ಸರಿಪಡಿಸದೆ ಮತ್ತೆ ಒಲೆ ಹಚ್ಚಬಾರದು.

ಮೈ ಸುಟ್ಟರೆ ಶುಭ್ರವಾದ ತಣ್ಣೀರನ್ನು 20 ನಿಮಿಷ ಹರಿಯಬಿಟ್ಟು, ಶುಚಿಯಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಸಗಣಿ, ಶಾಯಿ, ಎಣ್ಣೆ ಬಳಿಯಬೇಡಿ.

ಕಾಣದ ಇನ್ನೊಂದು ಅಪಾಯ

ಮಸಿ ಕಟ್ಟಿದ ಕೊಳವೆ ಹೊಗೆಯನ್ನು ಮನೆಗೇ ತಿರುಗಿಸುವುದು. ಅದರಲ್ಲಿನ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಕೂಡಲೆ ಹೊರಗಿನ ಗಾಳಿಗೆ ಬನ್ನಿರಿ. ಚಳಿಯೆಂದು ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗಿದವರು ಏಳದೆ ಹೋದದ್ದುಂಟು. ಬಾಣಂತಿಯ ಕೋಣೆಯಲ್ಲಿ ಇದನ್ನು ವಿಶೇಷವಾಗಿ ನೆನಪಿಡಿರಿ.

ಮನೆಯವರೆಲ್ಲ ಕೂತು ಚರ್ಚಿಸಿರಿ: ನಮ್ಮ ಕೊಳವೆಯನ್ನು ಕೊನೆಯ ಸಲ ಶುಚಿಮಾಡಿದ್ದು ಯಾವಾಗ? ಅದು ಯಾವ ಮರಕ್ಕೆ ತಾಗಿದೆ? ಒಲೆಯ ಬಳಿ ಒಂದು ಡಬ್ಬಿ ಮರಳೂ ಒಂದು ತಗಡೂ ಇವೆಯೆ?

ಒಂದು ಬೆಳಗಿನ ಕೆಲಸ ವರ್ಷದ ಭತ್ತವನ್ನೂ ಮನೆಯ ಜೀವಗಳನ್ನೂ ಕಾಯುವುದು. ಬರುವ ಭಾನುವಾರವೇ ಏಣಿ ತೆಗೆಯಿರಿ.